ನಿಧಾನದವರು ಮುಂದೆ, ಜಿಪ್ಪಕ್ಕ ಹಿಂದೆ

ಜಿಪ್ಪಕ್ಕನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇದೆ. ನಗರಸಭೆಯ ಚುನಾವಣೆಯಲ್ಲಿ ಆ ಹೆಸರು ಮತಪತ್ರದ ಮೇಲೆ ಅಚ್ಚಾಗಿ ಬಂದಾಗ ಅರ್ಧ ವಾರ್ಡು ಗಾಬರಿಯಾಯಿತು. "ನಮ್ಮ ಜಿಪ್ಪಕ್ಕ ಎಲ್ಲಿ? ಇದ್ಯಾರೋ ಹೊಸಬಳು!" ಎಂದು ಮತಗಟ್ಟೆಯ ಬಾಗಿಲಲ್ಲೇ ಜಗಳ ತೆಗೆದರು. ಪಕ್ಕದ ಫೋಟೋ ತೋರಿಸಿ ಸಮಾಧಾನ ಮಾಡಬೇಕಾಯಿತು. ಆಗಲೂ ಒಬ್ಬ ಅಜ್ಜ, "ಫೋಟೋದಲ್ಲಿ ಬಾಯಿ ಮುಚ್ಕೊಂಡಿದಾಳೆ, ಇವಳು ನಮ್ಮ ಜಿಪ್ಪಕ್ಕ ಅಲ್ಲವೇ ಅಲ್ಲ" ಎಂದು ಹಟ ಹಿಡಿದನಂತೆ.

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವಳ ಅಂಗಡಿ. ಅಂಗಡಿ ಅಂದರೆ ಒಂದು ಹೊಲಿಗೆ ಯಂತ್ರ, ಒಂದು ಸ್ಟೂಲು, ಗೋಡೆಗೆ ಬಡಿದ ಮೊಳೆಗಳಲ್ಲಿ ತೂಗುವ, ವಾರಸುದಾರರು ಮರೆತುಹೋದ ಚೀಲಗಳು, ಅಷ್ಟೆ. ಗಿರಾಕಿ ಒಳಗೆ ಬಂದರೆ ಜಿಪ್ಪಕ್ಕ ಹೊರಗೆ ಹೋಗಬೇಕು. ಶಾಲೆಯ ಚೀಲ, ಸೂಟ್‌ಕೇಸು, ಜಾಕೆಟ್ಟು, ಏನೇ ಇರಲಿ, ಹಲ್ಲು ಕಿರಿದು ನಿಂತ ಜಿಪ್ಪನ್ನು ಮತ್ತೆ ಕೂಡಿಸುವುದು ಅವಳ ಕಸುಬು. "ಊರಿನ ಜಿಪ್ಪೆಲ್ಲ ರಿಪೇರಿ ಮಾಡ್ತಾಳೆ, ತನ್ನ ಬಾಯಿಗೊಂದು ಹಾಕಿಸ್ಕೊಳ್ಳೋಕೆ ಆಗ್ಲಿಲ್ಲ" ಎಂದು ಅವಳನ್ನು ಕಂಡರಾಗದವರು ಹೇಳುತ್ತಾರೆ. ಕಂಡರೆ ಆಗುವವರೂ ಅದನ್ನೇ ಹೇಳುತ್ತಾರೆ.

ಇಂಥವಳು ನಗರಸಭೆಯೊಳಗೆ ಹೇಗೆ ಬಂದಳು ಎಂದು ಕೇಳಿದರೆ, ಗುಡ್ಡ ಹತ್ತಿ ಬಂದಳು ಎನ್ನಬೇಕು. ಊರಿನ ಬೆನ್ನಿಗೆ ಒಂದು ಗುಡ್ಡವಿದೆ. ಅದರ ತುದಿಯಲ್ಲಿ ಹಿಂದೆ ಊರಿಗೆಲ್ಲ ನೀರು ಬಿಡುತ್ತಿದ್ದ ಕಲ್ಲಿನ ತೊಟ್ಟಿ ಇದೆ. ಜಿಪ್ಪಕ್ಕನ ಅಪ್ಪ ಆ ತೊಟ್ಟಿಯ ಕಾವಲುಗಾರ. ಬೆಳಿಗ್ಗೆ ಹತ್ತಿದರೆ ಸಂಜೆ ಇಳಿಯುವ ನೌಕರಿ. ಮಧ್ಯಾಹ್ನದ ಊಟದ ಡಬ್ಬಿ ಹೊತ್ತುಕೊಂಡು ಹೋಗುವ ಕೆಲಸ ಮಗಳದು. ಗುಡ್ಡದ ಕೊನೆಯ ಏರು ಗೋಡೆಯಷ್ಟು ಕಡಿದಾಗಿದ್ದು, ಹುಡುಗಿ ಅಲ್ಲಿ ಜಾರಿ ಡಬ್ಬಿಯ ಸಾರನ್ನೆಲ್ಲ ಗುಡ್ಡಕ್ಕೇ ಉಣಿಸಿ ಬರುತ್ತಿದ್ದಳು. ಒಣ ಅನ್ನ ತಿಂದು ತಿಂದು ಸಾಕಾದ ಅಪ್ಪ, ಬಿಡುವಿದ್ದಾಗಲೆಲ್ಲ ಚಪ್ಪಟೆ ಕಲ್ಲು ಹುಡುಕಿ ತಂದು ಆ ಏರಿಗೆ ಮೆಟ್ಟಿಲು ಕಟ್ಟಿದ. ಮಗಳ ಪುಟ್ಟ ಕಾಲಿನ ಅಳತೆಗೆ ತಕ್ಕಂತೆ ಒಂದೊಂದು ಮೆಟ್ಟಿಲೂ ತಗ್ಗು. ದೊಡ್ಡವರು ಹತ್ತಿದರೆ ಬೊಂಬೆ ಮನೆಗೆ ಬಂದವರಂತೆ ಕಾಣುತ್ತಿದ್ದರು. ಮುಂದೆ ಊರಿಗೆ ಬೇರೆ ಕಡೆಯಿಂದ ನೀರು ಬಂತು, ತೊಟ್ಟಿ ಬತ್ತಿತು, ಅಪ್ಪನೂ ಹೋದ. ಕಾಲುದಾರಿ ಮಾತ್ರ ಉಳಿಯಿತು.

ಜಿಪ್ಪಕ್ಕ ಮದುವೆಯಾಗಿ, ಅಂಗಡಿ ಹಾಕಿ, ಭಾನುವಾರ ಬೆಳಿಗ್ಗೆ ಮಾತ್ರ ಆ ಗುಡ್ಡ ಹತ್ತುವುದನ್ನು ಬಿಡಲಿಲ್ಲ. ಹತ್ತುವಾಗ ಒಡೆದ ಬಾಟಲಿ, ಪ್ಲಾಸ್ಟಿಕ್ಕು ಕಂಡರೆ ಬೈಯುತ್ತಾ ಹೆಕ್ಕುತ್ತಿದ್ದಳು. ಒಂದು ಸಲ ಆಸ್ಪತ್ರೆಯ ನರ್ಸೊಬ್ಬಳು ಚೀಲ ರಿಪೇರಿಗೆ ಬಂದವಳು, "ಅಕ್ಕಾ, ಹೇಗೂ ನಡೀತೀರಲ್ಲ, ನಮ್ಮ ವಾರ್ಡಿನಲ್ಲಿ ಒಬ್ರು ಅಜ್ಜಿ ಇದಾರೆ. ಆಪರೇಷನ್ ಆಗಿದೆ. ದಿನಾ ನಡೀಬೇಕು ಅಂದ್ರೆ ಮಂಚ ಬಿಟ್ಟು ಇಳಿಯಲ್ಲ, ನಡೆಸೋರೂ ಯಾರೂ ಇಲ್ಲ" ಎಂದಳು. ಆ ಅಜ್ಜಿ ಶಾಲೆಯಲ್ಲಿ ಗಂಟೆ ಹೊಡೆದು ನಿವೃತ್ತಳಾದವಳು, ಊರಿಗೆಲ್ಲ ಗಂಟೆಯಜ್ಜಿ. ಜಿಪ್ಪಕ್ಕ ಹೋಗಿ ಮಂಚದ ಪಕ್ಕ ನಿಂತು ಮಾತಾಡತೊಡಗಿದಳು. ಆ ಮಾತಿನಿಂದ ತಪ್ಪಿಸಿಕೊಳ್ಳಲೆಂದೇ ಅಜ್ಜಿ ಎದ್ದು ನಡೆದಳು ಎಂದು ನರ್ಸು ಇವತ್ತಿಗೂ ಹೇಳುತ್ತಾಳೆ.

ಅಜ್ಜಿಯ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು ಎಂದು ಭಾನುವಾರದ ಗುಂಪು ಬೆಳೆಯಿತು. ಮೊದಮೊದಲು ಅದಕ್ಕೊಂದು ಪದ್ಧತಿ ಇರಲಿಲ್ಲ. ಕಾಲಲ್ಲಿ ಕಸುವಿದ್ದವರು ಮುಂದೆ ಓಡುವುದು, ಮೇಲೆ ಕೂತು ದಣಿವಾರಿಸಿಕೊಳ್ಳುವುದು, ಹಿಂದಿನವರು ಏದುಸಿರು ಬಿಡುತ್ತಾ ಬಂದು ಮುಟ್ಟಿದ ಕೂಡಲೇ, "ಬಂದ್ರಾ? ಸರಿ, ಹೊರಡೋಣ" ಎಂದು ಎದ್ದು ಇಳಿಯುವುದು. ಹೀಗೆ ಒಂದು ಭಾನುವಾರ ಕಟಿಂಗ್ ಅಂಗಡಿಯ ಮಾವ ಅರ್ಧ ದಾರಿಯಲ್ಲಿ ಒಂಟಿಯಾಗಿ ಉಳಿದು, ಸಿಟ್ಟಿನಿಂದ ಆಚೆ ಬದಿಗೆ ಇಳಿದು, ಬಸ್ಸು ಹಿಡಿದು ಮನೆಗೆ ಹೋಗಿ ಮಲಗಿಬಿಟ್ಟರು. ಇತ್ತ ಗುಂಪು ಸಂಜೆಯವರೆಗೆ ಗುಡ್ಡದ ಪೊದೆಪೊದೆಯಲ್ಲೂ ಅವರನ್ನು ಹುಡುಕಿತು. ಮಾರನೆಯ ದಿನ ಮಾವ ಜಿಪ್ಪಕ್ಕನ ಅಂಗಡಿಗೆ ಬಂದು, "ಕರ್ಕೊಂಡು ಹೋಗೋಕೆ ಬರುತ್ತೆ, ಜೊತೇಲಿ ಇರೋಕೆ ಬರಲ್ಲ ನಿಮಗೆ" ಎಂದು ಹೇಳಿ ಹೋದರು. ಮಾತಿಗೆ ಮಾತು ಕೊಡದೆ ಇದ್ದುದು ಜಿಪ್ಪಕ್ಕನ ಬಾಳಿನಲ್ಲಿ ಅದೇ ಮೊದಲು.

ಮುಂದಿನ ಭಾನುವಾರ ಅವಳೊಂದು ಕಾನೂನು ತಂದಳು. ನಿಧಾನದವರು ಮುಂದೆ. ಗುಂಪಿನಲ್ಲಿ ಯಾರ ಕಾಲು ಎಲ್ಲರಿಗಿಂತ ನಿಧಾನವೋ ಅವರ ಕೊರಳಿಗೆ ಒಂದು ಸೀಟಿ. ಅವರನ್ನು ದಾಟಿ ಯಾರೂ ಒಂದು ಹೆಜ್ಜೆ ಇಡುವಂತಿಲ್ಲ. ಅವರು ಊದಿದರೆ ಎಲ್ಲರೂ ಕೂರಬೇಕು, ಮತ್ತೆ ಊದಿದರೆ ಎಲ್ಲರೂ ಏಳಬೇಕು. ಎಲ್ಲರಿಗಿಂತ ಗಟ್ಟಿಗರು ಕೊನೆಯಲ್ಲಿ ಬಂದು ಯಾರೂ ಹಿಂದೆ ಉಳಿಯದ ಹಾಗೆ ನೋಡಿಕೊಳ್ಳಬೇಕು. ಸೀಟಿ ಗಂಟೆಯಜ್ಜಿಯ ಕೊರಳಿಗೆ ಬಿತ್ತು. ಬಾಲದ ಜಾಗ ಜಿಪ್ಪಕ್ಕನದಾಯಿತು. ಅವತ್ತಿನಿಂದ ಗುಡ್ಡದ ಮೇಲೆ ಯಾರೂ ಕಳೆದುಹೋಗಲಿಲ್ಲ. ಕಟಿಂಗ್ ಮಾವನೂ ಗುಂಪಿಗೆ ಮರಳಿದರು. ಸಕ್ಕರೆ ಕಾಯಿಲೆಯವರು, ಹೊಸದಾಗಿ ಗಂಡನನ್ನು ಕಳೆದುಕೊಂಡವರು, ನಿವೃತ್ತರಾಗಿ ಮನೆಯವರ ತಲೆ ತಿನ್ನುತ್ತಿದ್ದವರು, ಎಲ್ಲರೂ ಬಂದರು. ಅವರೇ ಒಂದು ದಿನ ಸೇರಿ, "ನೀನು ಚುನಾವಣೆಗೆ ನಿಲ್ಲು" ಎಂದು ಅವಳನ್ನು ನಿಲ್ಲಿಸಿ, ಗೆಲ್ಲಿಸಿ, ಅಲ್ಲಿಯಾದರೂ ಅವಳ ಮಾತು ಪ್ರಯೋಜನಕ್ಕೆ ಬರಲಿ ಎಂದು ನಗರಸಭೆಗೆ ಅಟ್ಟಿದರು.

ಇಷ್ಟರವರೆಗೆ ಎಲ್ಲ ಚೆಂದ. ಆಮೇಲೆ ಮಂಡಿ ಕೆಟ್ಟಿತು.

ಹೊಲಿಗೆ ಯಂತ್ರ ತುಳಿದು ತುಳಿದು ಸವೆದದ್ದೋ, ವಯಸ್ಸೋ, ಬಲಗಾಲಿನ ಮಂಡಿ ಏರು ಬಂದಾಗ ಕಟಕ್ ಎನ್ನತೊಡಗಿತು. ಕಾನೂನಿನ ಪ್ರಕಾರ ನೋಡಿದರೆ ಈಗ ಸೀಟಿ ಕಟ್ಟಿಕೊಳ್ಳಬೇಕಾದವಳು ಅವಳೇ. ಆದರೆ ಬಾಲದಲ್ಲಿ ಬರುವವಳು ಗಟ್ಟಿಗಿತ್ತಿ ಎಂದು ಊರು ನಂಬಿದೆ. "ನೀವು ಎಲ್ಲರ ಹಿಂದೆ ಇದೀರಿ ಅಂತ ಧೈರ್ಯ ಜಿಪ್ಪಕ್ಕಾ" ಎಂದು ಜನ ಹೇಳುವಾಗ ಅವಳಿಗೆ ಬೆನ್ನು ಸೆಟೆಯುತ್ತಿತ್ತು. ಆ ಮಾತನ್ನು ಹೇಗೆ ಬಿಟ್ಟುಕೊಡುವುದು? ಊರಿಗೆಲ್ಲ ಕಾನೂನು ಮಾಡಿದವಳು ತನಗೊಂದು ಕಳ್ಳಗಿಂಡಿ ಮಾಡಿಕೊಂಡಳು. ನೋವು ಬಂದಾಗ ಬಗ್ಗಿ ಕಸ ಹೆಕ್ಕುವುದು. ಒಂದು ಕಾಗದದ ಚೂರು ಹೆಕ್ಕುವ ನೆಪದಲ್ಲಿ ಮಂಡಿಗೆ ಎಷ್ಟು ಬೇಕೋ ಅಷ್ಟು ವಿಶ್ರಾಂತಿ. "ಹೋಗ್ತಾ ಇರಿ, ಈ ಕೊಳಕರ ಕಸ ತೆಗೆದು ಬಂದೆ" ಎಂದು ಕೂಗಿದರೆ ಮುಗಿಯಿತು.

ಇಲ್ಲೊಂದು ವಿಚಿತ್ರ ನಡೆಯಿತು. ಗುಡ್ಡ ವರ್ಷದಿಂದ ವರ್ಷಕ್ಕೆ ಚೊಕ್ಕಟವಾಗುತ್ತಿದ್ದರೂ ಜಿಪ್ಪಕ್ಕನಿಗೆ ಸಿಗುವ ಕಸ ಮಾತ್ರ ಹೆಚ್ಚುತ್ತಾ ಹೋಯಿತು. ಅದೂ ಸರಿಯಾಗಿ ಏರು ಇದ್ದ ಕಡೆಯಲ್ಲೇ. ಎಲ್ಲ ಒಂದೇ ಥರದ್ದು, ಹಳೆಯ ಪೇಪರಿನ ಚೂರು, ಮೇಲೆ ಒಣಗಿದ ಸೋಪಿನ ನೊರೆ, ಅಲ್ಲಲ್ಲಿ ಬಿಳಿ ಗಡ್ಡದ ತುಂಡು. ಯಾರೋ ಪುಂಡರು ಗುಡ್ಡಕ್ಕೆ ಬಂದು ಗಡ್ಡ ಬೋಳಿಸಿಕೊಂಡು ಹೋಗುತ್ತಿದ್ದಾರೆ ಎಂದು ಜಿಪ್ಪಕ್ಕ ತೀರ್ಮಾನಿಸಿದಳು. ತೀರ್ಮಾನಿಸಿ ಸುಮ್ಮನಿದ್ದಳೇ? ನಗರಸಭೆಯಲ್ಲಿ ಎದ್ದು ನಿಂತು, ಸೋಪಿನ ಕಾಗದದ ಚೂರೊಂದನ್ನು ಎತ್ತಿ ಹಿಡಿದು, "ಇವರನ್ನು ಹಿಡಿದು ದಂಡ ಹಾಕೋವರೆಗೆ ನಾನು ಬಿಡಲ್ಲ" ಎಂದು ಗುಡುಗಿದಳು. ಪ್ರೇಕ್ಷಕರ ಬೆಂಚಿನಲ್ಲಿ ಕೂತಿದ್ದ ಕಟಿಂಗ್ ಮಾವನಿಗೆ ಆಗ ಎಲ್ಲಿಲ್ಲದ ಕೆಮ್ಮು ಬಂತು, ಎದ್ದು ಹೊರಗೆ ಹೋದರು. ವಿಷಯವನ್ನು ಪರಿಶೀಲನೆಗೆ ಇಡಲಾಯಿತು.

ನಗರಸಭೆಯ ಅಧ್ಯಕ್ಷರನ್ನು ಜನ ಮೈಕಪ್ಪ ಎನ್ನುತ್ತಿದ್ದರು. ಮೈಕು ಅವರ ಕೈಗೆ ಹೋದರೆ ಮತ್ತೆ ಹೊರಬರುವುದು ಕರೆಂಟು ಹೋದಾಗಲೇ. ಕೆಟ್ಟ ಮನುಷ್ಯರೇನೂ ಅಲ್ಲ. ಅವರಿಗೊಂದೇ ಕೊರಗು, ಇಷ್ಟು ವರ್ಷ ಅಧ್ಯಕ್ಷರಾಗಿಯೂ ಒಂದು ದೊಡ್ಡ ಕಾಮಗಾರಿಯ ರಿಬ್ಬನ್ನೂ ಕತ್ತರಿಸಿರಲಿಲ್ಲ. ಚರಂಡಿಯದು ಕತ್ತರಿಸಿದ್ದರು, ಶೌಚಾಲಯದ್ದು ಕತ್ತರಿಸಿದ್ದರು. ಹಾಗಾಗಿ ಅವರು ಗುಡ್ಡದ ಮೇಲಕ್ಕೆ ಮೋಟಾರು ರಸ್ತೆ ಮಾಡಿ, ತೊಟ್ಟಿ ಒಡೆದು ಕಾರು ನಿಲ್ಲಿಸುವ ಜಾಗ ಮಾಡುವ ಯೋಜನೆ ತಂದರು. ಕಾಲುದಾರಿ ಅಗೆದು ರಸ್ತೆಯ ಹೊಟ್ಟೆಗೆ ಹೋಗಬೇಕು. ಡಬ್ಬಿ ಹೊತ್ತ ಹುಡುಗಿಗಾಗಿ ಕಟ್ಟಿದ ಮೆಟ್ಟಿಲೂ ಅದರ ಜೊತೆಗೇ.

"ಆ ದಾರೀಲಿ ನಡೆಯೋರು ಯಾರು?" ಎಂದರು ಮೈಕಪ್ಪನವರು, ಮೈಕಿನಲ್ಲಿ. "ನಾಲ್ಕು ಜನ ಗಟ್ಟಿಮುಟ್ಟಾದೋರು. ನಮ್ಮಂಥ ಸಾಮಾನ್ಯರಿಗೆ, ವಯಸ್ಸಾದೋರಿಗೆ, ಮೈ ಭಾರದೋರಿಗೆ ಗುಡ್ಡ ಬೇಡ್ವಾ?"

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವಂತಿದ್ದ ಸಭೆ ಅದು. ಕೈ ಎತ್ತಿಸಿದರೆ ಸದಸ್ಯರು ಅರ್ಧ ಆಚೆ, ಅರ್ಧ ಈಚೆ. ಅಧ್ಯಕ್ಷರ ಕೈ ಯಾವ ಕಡೆಯೋ ತೀರ್ಮಾನ ಆ ಕಡೆ. ಹೆದರಿಕೆಯಾದಾಗ ಜಿಪ್ಪಕ್ಕ ಯೋಚಿಸುವುದಿಲ್ಲ, ಮಾತಾಡುತ್ತಾಳೆ.

"ದೂರದ ಬೆಟ್ಟ ನುಣ್ಣಗೆ ಅಂತ ಗೊತ್ತಿತ್ತು ಅಧ್ಯಕ್ಷರೇ, ನಿಮಗೆ ಹತ್ತಿರದ್ದು ಕಡಿದಾಗಿ ಕಾಣ್ತಿದೆ. ಒಂದು ಕೆಲಸ ಮಾಡೋಣ. ಬರೋ ಭಾನುವಾರ ಸದಸ್ಯರೆಲ್ಲ ಹತ್ತೋಣ. ನಮ್ಮಲ್ಲಿ ಎಲ್ಲರಿಗಿಂತ ನಿಧಾನದ ಸದಸ್ಯರು ತುದಿ ಮುಟ್ಟಿದ್ರೆ ದಾರಿ ಉಳೀಬೇಕು. ನಿಮ್ಮ ಕೈ ನಮ್ಮ ಕಡೆ. ಮುಟ್ಟದಿದ್ರೆ ಅಗೆದು ಹಾಕಿ, ನಾನೇ ಗುದ್ದಲಿ ಹಿಡೀತೀನಿ."

ಇಡೀ ಸಭೆ ಅಧ್ಯಕ್ಷರ ಹೊಟ್ಟೆಯನ್ನು ನೋಡಿತು. ಅಧ್ಯಕ್ಷರೂ ಅದನ್ನೇ ನೋಡಿಕೊಂಡು ಮುಗುಳ್ನಕ್ಕರು. ಎಲ್ಲರಿಗಿಂತ ನಿಧಾನದವರು ತಾವೇ ಎಂದಮೇಲೆ ಮುಟ್ಟುವುದು ಬಿಡುವುದು ತಮ್ಮ ಕೈಯಲ್ಲೇ. ಮೊದಲ ಕಲ್ಲಿನ ಮೇಲೆ ಕೂತುಬಿಟ್ಟರೆ ರಸ್ತೆ ತಮ್ಮದು. "ಒಪ್ಪಿದೆ" ಎಂದರು.

ಮನೆಯಲ್ಲಿ ಜಿಪ್ಪಕ್ಕನ ಗಂಡ ಬೇಕರಿಯಿಂದ ಬಂದು ಕೈಕಾಲು ತೊಳೆದು ಕೂತಿದ್ದ. ಅವನು ಬನ್ನು ಸುಡುವವನು. ಒಲೆಯ ಮುಂದೆ ಇದ್ದೂ ಇದ್ದೂ ಮಾತೆಲ್ಲ ಆವಿಯಾಗಿ ಹೋಗಿದೆ ಎಂದು ಹೆಂಡತಿ ಹೇಳುತ್ತಾಳೆ. ದಿನವೂ ಅವಳ ಮಂಡಿಗೆ ಎಣ್ಣೆ ತಿಕ್ಕುವುದು ಅವನೇ. ಅವತ್ತೂ ತಿಕ್ಕುತ್ತಾ ಎಲ್ಲ ಕೇಳಿಸಿಕೊಂಡ.

"ಎಲ್ಲರಿಗಿಂತ ನಿಧಾನದ ಸದಸ್ಯರು ಅಂದ್ಯಾ?" ಎಂದು ಕೇಳಿದ.

"ಹೂಂ ರೀ. ಮೈಕಪ್ಪನ್ನ ಹೇಗಾದ್ರೂ ಮೇಲೆ ಹತ್ತಿಸಿದ್ರೆ ಆಯ್ತು."

ಗಂಡ ಮಂಡಿಯನ್ನೇ ನೋಡಿದ. ಜಿಪ್ಪಕ್ಕನಿಗೆ ಆಗ ಹೊಳೆಯಿತು.

"ಅಯ್ಯೋ, ನಾನೂ ಸದಸ್ಯೆ ಅಲ್ವಾ" ಎಂದಳು.

"ಹೇಳಿಬಿಡು ಎಲ್ರಿಗೂ."

"ಹೇಳಿದ್ರೆ ಏನಂತಾರೆ ಗೊತ್ತಾ? ದಾರಿಗೋಸ್ಕರ ಬಡ್ಕೊಳ್ಳೋಳಿಗೇ ಹತ್ತೋಕಾಗಲ್ಲ, ಇನ್ನು ರಸ್ತೆ ಮಾಡದೆ ಏನು ಅಂತಾರೆ. ನೀವು ಜಾಸ್ತಿ ಎಣ್ಣೆ ಹಾಕಿ."

ಭಾನುವಾರ ಬೆಳಿಗ್ಗೆ ಗುಡ್ಡದ ಬುಡದಲ್ಲಿ ಜಾತ್ರೆಯಂತೆ ಜನ ಸೇರಿತು. ಮೈಕಪ್ಪನವರು ಹೊಸ ಬಿಳಿ ಬೂಟು ಹಾಕಿಕೊಂಡು ಬಂದರು. ಕಾಲುದಾರಿಯ ಮೊದಲ ಕಲ್ಲು ಕಂಡಿತೋ ಇಲ್ಲವೋ, ಅದರ ಮೇಲೆ ಕೂತೇಬಿಟ್ಟರು.

"ನನಗೆ ಆಗಲ್ಲ ಅಕ್ಕಾ. ಉಸಿರು ಕಟ್ತಿದೆ. ದಾರಿ ತುಂಬಾ ಕಷ್ಟ ಇದೆ."

"ಇನ್ನೂ ಹೆಜ್ಜೆ ಇಟ್ಟಿಲ್ವಲ್ಲ ನೀವು!" ಎಂದಿತು ಗುಂಪು.

ಜಿಪ್ಪಕ್ಕ ಮಾತ್ರ ಗದರಲಿಲ್ಲ, ಗೋಗರೆಯಲಿಲ್ಲ. ಮೊಂಡು ಬಿದ್ದವರನ್ನು ಎಳೆದರೆ ಕಲ್ಲಾಗುತ್ತಾರೆ ಎಂದು ಅವಳಿಗೆ ಗೊತ್ತು. ಇಷ್ಟು ವರ್ಷ ಅದೇ ಕೆಲಸ ಮಾಡಿದವಳು. ಗಂಟೆಯಜ್ಜಿಯ ಕೊರಳಿನ ಸೀಟಿ ತೆಗೆದು ಅಧ್ಯಕ್ಷರಿಗೆ ಹಾಕಿದಳು.

"ಕೂತ್ಕೊಳ್ಳಿ, ಪರವಾಗಿಲ್ಲ. ಆದ್ರೆ ನಮ್ಮಲ್ಲೊಂದು ಪದ್ಧತಿ. ನಿಧಾನದವರ ಹತ್ರ ಸೀಟಿ ಇರ್ಬೇಕು. ಅವರು ಊದಿದ್ರೆ ನಡೆಯೋರೆಲ್ಲ ಗಪ್ ಅಂತ ಕೂರ್ಬೇಕು. ಅವರ ಮುಂದೆ ಯಾರೂ ಹೋಗೋ ಹಾಗಿಲ್ಲ."

"ಯಾರೂ?"

"ಯಾರೂ. ಮಂತ್ರಿ ಬಂದ್ರೂ ನಿಮ್ಮ ಹಿಂದೇನೇ."

ಮೈಕಪ್ಪನವರು ಸೀಟಿಯನ್ನು ತಿರುಗಿಸಿ ನೋಡಿದರು. ಒಂದು ಸಲ ಊದಿದರು. ಏನೂ ಆಗಲಿಲ್ಲ, ಏಕೆಂದರೆ ಯಾರೂ ಇನ್ನೂ ನಡೆಯತೊಡಗಿರಲಿಲ್ಲ. ನಡೆಯದವರನ್ನು ತಡೆಯುವುದರಲ್ಲಿ ಏನು ಸುಖ? ಅವರು ಎದ್ದು ನಾಲ್ಕು ಹೆಜ್ಜೆ ನಡೆದರು. ಗುಂಪು ಹಿಂದೆ ನಡೆಯಿತು. ಊದಿದರು. ಅಷ್ಟೂ ಜನ, ಅವರ ವಿರುದ್ಧ ಕೈ ಎತ್ತಿದ್ದ ಸದಸ್ಯರೂ ಸೇರಿ, ಇದ್ದಲ್ಲೇ ಕೂತರು. ಮೈಕಪ್ಪನವರ ಮುಖದ ಮೇಲೆ ಹಾಲು ಕುಡಿದ ಮಗುವಿನ ಕಳೆ ಬಂತು. ನಗರಸಭೆಯಲ್ಲಿ ಇಷ್ಟು ವರ್ಷ ಬೆಲ್ಲು ಬಡಿದರೂ ಒಬ್ಬರೂ ಹೀಗೆ ಕೂತಿರಲಿಲ್ಲ.

ಆಮೇಲೆ ಅವರನ್ನು ಹಿಡಿಯುವವರಿಲ್ಲ. ನಡೆಯುವುದು, ಊದುವುದು, ಕೂರಿಸುವುದು, ಕೂತವರಿಗೆ ಗುಡ್ಡದ ಬಗ್ಗೆ ಒಂದು ಭಾಷಣ, ಮತ್ತೆ ಊದುವುದು. ಪ್ರತಿ ತಿರುವಿನಲ್ಲೂ ಉಸಿರಾರಿಸಿಕೊಳ್ಳುತ್ತಿದ್ದರಿಂದ ದಣಿವೂ ಗೊತ್ತಾಗಲಿಲ್ಲ. ಕೊನೆಯ ಏರಿನ ತಗ್ಗು ಮೆಟ್ಟಿಲು ಬಂದಾಗಲಂತೂ, "ಇದ್ಯಾರು ಕಟ್ಟಿದ್ದು? ಬಹಳ ಬುದ್ಧಿವಂತ!" ಎಂದು ಹೊಗಳುತ್ತಾ ಹತ್ತಿಯೇಬಿಟ್ಟರು. ಮತ್ತೊಮ್ಮೆ ಮುಂದೆ ಹೆಜ್ಜೆ ಇಡಲು ನೋಡಿದರೆ ಗುಡ್ಡ ಮುಗಿದುಹೋಗಿತ್ತು. ಎದುರಿಗೆ ತೊಟ್ಟಿ, ಕೆಳಗೆ ಊರು. ತಾವು ಸೋತದ್ದು ಅವರಿಗೆ ಆಗ ಗೊತ್ತಾಯಿತು.

ಜಿಪ್ಪಕ್ಕ ಇನ್ನೂ ಮೆಟ್ಟಿಲ ಬುಡದಲ್ಲಿದ್ದಳು. ಅವಳ ಜೊತೆ ಗಂಟೆಯಜ್ಜಿ, ಕಟಿಂಗ್ ಮಾವ, ಗಂಡ. ಅಷ್ಟು ಹೊತ್ತು ಸೀಟಿಯ ಕೃಪೆಯಿಂದ ಕೂತು ಕೂತು ಬಂದ ಮಂಡಿ ಈಗ ಕಟಕ್ ಎಂದು ಬಿಗಿದುಕೊಂಡಿತು. ನೆಲ ನೋಡಿದಳು. ಪುಣ್ಯಕ್ಕೆ ಒಂದು ಕಾಗದದ ಚೂರು ಬಿದ್ದಿತ್ತು. "ಹೋಗ್ತಾ ಇರಿ, ಈ ಕೊಳಕರ..." ಎನ್ನುತ್ತಾ ಬಗ್ಗಿದಳು. ಬಗ್ಗಿದವಳಿಗೆ ಏಳಲಾಗಲಿಲ್ಲ. ಹಾಗೇ ತಲೆ ಮಾತ್ರ ಮೇಲೆತ್ತಿ ನೋಡಿದರೆ, ಎರಡು ಮೆಟ್ಟಿಲು ಮುಂದೆ ಕಟಿಂಗ್ ಮಾವ ಜೇಬಿನಿಂದ ಇನ್ನೊಂದು ಸೋಪಿನ ಕಾಗದ ತೆಗೆದು, ಸುತ್ತಮುತ್ತ ನೋಡಿ, ಮೆಲ್ಲಗೆ ಮೆಟ್ಟಿಲ ಮೇಲೆ ಇಡುತ್ತಿದ್ದರು.

"ಮಾವಾ! ನೀವಾ?"

ಮಾವ ಕೈಯಲ್ಲಿ ಕಾಗದ ಹಿಡಿದು ಹಾಗೇ ನಿಂತರು. "ಈ ಏರಿಗೆ ನಿಮಗೆ ಒಂದು ಸಾಕಾಗಲ್ಲ ಜಿಪ್ಪಕ್ಕಾ" ಎಂದರು, ತಪ್ಪು ಮಾಡಿದ ಹುಡುಗನಂತೆ. "ಗುಡ್ಡದಲ್ಲಿ ಕಸಾನೇ ಇಲ್ಲ ಈಗ. ನೀವು ಏನು ನೆಪ ಹೇಳಿ ನಿಲ್ತೀರಿ? ಅದಕ್ಕೇ ಅಂಗಡೀಲಿ ರೇಜರ್ ಒರೆಸಿದ ಪೇಪರ್ ತಂದು... ದಂಡ ಹಾಕ್ತೀನಿ ಅಂದಾಗ ಜೀವ ಬಾಯಿಗೆ ಬಂದಿತ್ತು."

"ಮಂಡಿ ವಿಷಯ ನಿಮಗೆ ಯಾರು ಹೇಳಿದ್ದು?"

ಜಿಪ್ಪಕ್ಕ ಗಂಡನ ಕಡೆ ತಿರುಗಿದಳು. ಗಂಡ ಆಕಾಶದಲ್ಲಿ ಏನೋ ಹುಡುಕುತ್ತಿದ್ದ. "ಕಟಿಂಗ್‌ಗೆ ಕೂತಾಗ ಬಾಯಿಗೆ ಬಂತು" ಎಂದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೇ? ಇಡೀ ಗುಂಪಿಗೆ ಗೊತ್ತಿತ್ತು. ಜಿಪ್ಪಕ್ಕನಿಗೆ ನಾಚಿಕೆಯಾಯಿತು, ಸಿಟ್ಟು ಬಂತು, ಅದರ ಬೆನ್ನಿಗೇ ಕಣ್ಣು ತುಂಬಿ ಬಂತು. ಯಾವುದನ್ನು ಮೊದಲು ಮಾಡಬೇಕೋ ತಿಳಿಯದೆ ಬಗ್ಗಿಕೊಂಡೇ ಇದ್ದಳು.

ಅಷ್ಟರಲ್ಲಿ ಮೇಲಿನಿಂದ ಮೈಕಪ್ಪನವರ ದನಿ ಕೇಳಿತು. ಮೈಕಿಲ್ಲದೆಯೂ ಚೆನ್ನಾಗಿಯೇ ಕೇಳುತ್ತಿತ್ತು. "ತಡೀರಿ, ತಡೀರಿ! ಒಬ್ಬ ಸದಸ್ಯರು ಇನ್ನೂ ಬಂದಿಲ್ಲ! ಎಲ್ಲರಿಗಿಂತ ನಿಧಾನ ನಾನಲ್ಲ, ಜಿಪ್ಪಕ್ಕ! ಅವರು ಮುಟ್ಟದಿದ್ರೆ ರಸ್ತೆ ನಮ್ಮದು!" ತಾವು ನಿಧಾನದವರಲ್ಲ ಎಂಬ ಖುಷಿಯೇ ಅವರಿಗೆ ರಸ್ತೆಗಿಂತ ದೊಡ್ಡದಾಗಿತ್ತು.

ಗಂಟೆಯಜ್ಜಿ ಸೆರಗು ಬಿಗಿದಳು. "ಇರು ಮಗಳೇ, ಬಂದೆ" ಎಂದವಳೇ ಆ ಮೆಟ್ಟಿಲನ್ನು ಅಳಿಲು ಮರ ಹತ್ತಿದ ಹಾಗೆ ಸರಸರ ಹತ್ತಿದಳು. ಇಷ್ಟು ವರ್ಷ ಎಲ್ಲರ ಮುಂದೆ ಒಂದೊಂದೇ ಹೆಜ್ಜೆ ಎಣಿಸಿ ಇಡುತ್ತಿದ್ದವಳು! ಜಿಪ್ಪಕ್ಕ ಬಾಯಿ ತೆರೆದು ನೋಡಿದಳು.

"ಅಜ್ಜಿಗೆ ಇಷ್ಟು ಬೇಗ ನಡೆಯೋಕೆ ಬರುತ್ತಾ!"

"ಆಪರೇಷನ್ ಗಾಯ ವಾಸಿಯಾಗಿ ಎಷ್ಟೋ ಕಾಲ ಆಯ್ತು" ಎಂದರು ಮಾವ. "ನೀವು ಹಿಂದೆ ಉಳೀತೀರಿ ಅಂತ ಅಜ್ಜಿ ನಿಧಾನ ಮಾಡ್ತಾರೆ. ಅಜ್ಜಿ ನಿಧಾನ ಮಾಡ್ತಾರೆ ಅಂತ ನಾವೆಲ್ಲ. ನೀವು ಬೇರೆ ಹಿಂದಿನಿಂದ ಆಮೆಗಳಾ ಅಂತ ಬೈತಿದ್ರಿ."

ಮೇಲೆ ಅಜ್ಜಿ ಅಧ್ಯಕ್ಷರ ಮುಂದೆ ನಿಂತು ಕೈ ಚಾಚಿದಳು. "ಕೊಡೋ ಸೀಟಿ. ಪದ್ಧತಿ ಪದ್ಧತೀನೇ. ನಿಧಾನದವರು ಅವಳು ಅಂತ ನೀನೇ ಈಗ ಕೂಗಿ ಹೇಳಿದೆ."

"ಇನ್ನೊಂದು ಸ್ವಲ್ಪ ಹೊತ್ತು ಇರ್ಲಿ ಅಜ್ಜಿ" ಎಂದು ಮೈಕಪ್ಪನವರು ಸೀಟಿಯನ್ನು ಎದೆಗೆ ಒತ್ತಿಕೊಂಡರು.

"ಒಂದನೇ ಕ್ಲಾಸಿನಲ್ಲೂ ಹೀಗೇ ಮಾಡ್ತಿದ್ದೆ. ಗಂಟೆ ಹೊಡೆಯೋಕೆ ಕೊಡಿ ಅಂತ ಅಳೋದು, ಕೊಟ್ರೆ ವಾಪಸ್ ಕೊಡಲ್ಲ ಅಂತ ಅಳೋದು. ಕಿವಿ ಹಿಂಡಬೇಕಾ?"

ಅಧ್ಯಕ್ಷರು ಸೀಟಿ ಕೊಟ್ಟರು. ಅಷ್ಟಕ್ಕೇ ಮುಗಿಯಲಿಲ್ಲ. ನಿಧಾನದವರಿಗಿಂತ ಮುಂದೆ ಯಾರೂ ಇರುವಂತಿಲ್ಲ ಎಂದಮೇಲೆ ಮೇಲೆ ಹೋದವರೆಲ್ಲ ಕೆಳಗೆ ಬರಲೇಬೇಕು. ಸದಸ್ಯರು ಗೊಣಗುತ್ತಾ, ನಗುತ್ತಾ ಇಳಿದು ಬಂದು ಜಿಪ್ಪಕ್ಕನ ಹಿಂದೆ ಸಾಲಾಗಿ ನಿಂತರು. ಮೈಕಪ್ಪನವರು ಎಲ್ಲರಿಗಿಂತ ಹಿಂದೆ ನಿಲ್ಲುತ್ತೇನೆ ಎಂದರು. ಬಾಲದಲ್ಲಿ ಗಟ್ಟಿಗರು ನಿಲ್ಲಬೇಕು ಎಂದು ಅವರಿಗೆ ಯಾರೋ ಹೇಳಿದ್ದರು.

ಗಂಡ ಜಿಪ್ಪಕ್ಕನ ಸೊಂಟ ಹಿಡಿದು ನೆಟ್ಟಗೆ ನಿಲ್ಲಿಸಿದ. ಸೀಟಿ ಕೊರಳಿಗೆ ಬಂತು. ಅವಳು ಮೊದಲ ಮೆಟ್ಟಿಲಿಗೆ ಕಾಲಿಟ್ಟಳು, ಎರಡನೆಯದಕ್ಕೆ ಇಟ್ಟಳು. ಎಷ್ಟೋ ವರ್ಷ ಬರೀ ಜನರ ಬೆನ್ನು ನೋಡಿ ಹತ್ತಿದ್ದವಳಿಗೆ ಈಗ ಎದುರಿಗೆ ಯಾರ ಬೆನ್ನೂ ಇರಲಿಲ್ಲ. ಮೂರನೆಯದರಲ್ಲಿ ಮಂಡಿ ಚುಳುಕ್ ಎಂದಿತು. ಅಭ್ಯಾಸಬಲದಿಂದ ನೆಲ ನೋಡಿದಳು. ಒಂದು ಚೂರು ಕಸ ಇರಲಿಲ್ಲ. ಮುಂದೆ ಯಾರೂ ಇಲ್ಲದ ಮೇಲೆ ಕಸ ಹಾಕುವವರಾದರೂ ಯಾರು? ಹಿಂದೆ ಅಷ್ಟೂ ಜನರ ಉಸಿರು ಕೇಳುತ್ತಿತ್ತು. ಯಾರೂ ಬೇಗ ಎನ್ನಲಿಲ್ಲ.

ಜಿಪ್ಪಕ್ಕ ಸೀಟಿ ಊದಿದಳು.

"ನನ್ನ ಮಂಡಿ ನೋಯ್ತಿದೆ" ಎಂದಳು, ಎಲ್ಲರಿಗೂ ಕೇಳುವ ಹಾಗೆ. "ಕೂತ್ಕೊಳ್ಳಿ ಎಲ್ರೂ."

ಎಲ್ಲರೂ ಕೂತರು. ಜಿಪ್ಪಕ್ಕ ಅಪ್ಪನ ಮೆಟ್ಟಿಲ ಮೇಲೆ ಕೂತು ಕಾಲು ನೀಡಿ ಮಂಡಿ ತಿಕ್ಕಿಕೊಂಡಳು, ಬಹಿರಂಗವಾಗಿ, ನಗರಸಭೆಯ ಸಮಸ್ತ ಸದಸ್ಯರ ಸಮ್ಮುಖದಲ್ಲಿ. ಸಾಕೆನಿಸಿದಾಗ ಎದ್ದು ಊದಿದಳು. ಹೀಗೆ ಕೂತು ಎದ್ದು, ಕೂತು ಎದ್ದು, ಡಬ್ಬಿ ಹೊತ್ತ ಹುಡುಗಿಯ ಕಾಲಿಗೆ ಎಂದು ಅಪ್ಪ ತಗ್ಗಾಗಿ ಕಟ್ಟಿದ ಮೆಟ್ಟಿಲುಗಳನ್ನು ಆ ಹುಡುಗಿಯ ಕೆಟ್ಟ ಮಂಡಿ ಒಂದೊಂದಾಗಿ ಹತ್ತಿ ಮುಗಿಸಿತು. ತುದಿಯಲ್ಲಿ ತೊಟ್ಟಿಯ ಗೋಡೆಗೆ ಕೈ ಇಟ್ಟು ನಿಂತಾಗ ಅವಳು ಅಳುತ್ತಿದ್ದಳು. ಯಾರಿಂದಲೂ ಮುಚ್ಚಿಡುವ ಗೋಜಿಗೆ ಹೋಗಲಿಲ್ಲ.

ಮುಂದಿನ ಸಭೆಯಲ್ಲಿ ಮೈಕಪ್ಪನವರು ಕಾಲುದಾರಿಯ ಪರವಾಗಿ ಕೈ ಎತ್ತಿದರು. ದಾರಿಯ ಬುಡದಲ್ಲಿ ಒಂದು ರಿಬ್ಬನ್ ಕಟ್ಟಿಸಿ ಅದನ್ನು ತಾವೇ ಕತ್ತರಿಸಬೇಕು ಎಂಬ ತಿದ್ದುಪಡಿಯನ್ನೂ ಸೇರಿಸಿದರು. ಇದ್ದ ದಾರಿಗೆ ಉದ್ಘಾಟನೆ ಏನು ಎಂದು ಯಾರೋ ಕೇಳಿದರೂ ಜಿಪ್ಪಕ್ಕ, "ಕತ್ತರಿಸ್ಲಿ ಬಿಡಿ, ಆಸೆ ಇದೆ" ಎಂದು ಒಪ್ಪಿಸಿದಳು. ಆಮೇಲೆ ಪರಿಶೀಲನೆಗೆ ಇಟ್ಟಿದ್ದ ಹಳೆಯ ವಿಷಯ ಬಂತು, ಗುಡ್ಡದ ಮೇಲೆ ಸೋಪಿನ ಕಾಗದ ಎಸೆಯುವವರನ್ನು ಹಿಡಿದು ದಂಡ ಹಾಕುವುದು. ಪ್ರೇಕ್ಷಕರ ಬೆಂಚಿನಲ್ಲಿ ಕಟಿಂಗ್ ಮಾವ ಕೆಮ್ಮಲು ಸಿದ್ಧರಾದರು.

ಜಿಪ್ಪಕ್ಕ ಎದ್ದು ನಿಂತಳು. "ಆ ದೂರನ್ನು ವಾಪಸ್ ತಗೋತೀನಿ ಅಧ್ಯಕ್ಷರೇ. ಹಾಕಿದೋರು ಸಿಕ್ಕಿದ್ರು."

"ಯಾರು ಅವರು?" ಎಂದು ಮೈಕಪ್ಪನವರು ಮೈಕನ್ನು ಅವಳ ಕಡೆಗೇ ಚಾಚಿದರು. ಅವರು ತಾವಾಗಿ ಮೈಕು ಬಿಟ್ಟುಕೊಟ್ಟದ್ದು ಅದೇ ಮೊದಲು. ಜಿಪ್ಪಕ್ಕ ಅದನ್ನು ನೋಡಿದಳು, ಬೆಂಚಿನ ಕಡೆ ನೋಡಿದಳು, ಮಂಡಿ ಹಿಡಿದುಕೊಂಡು ನಿಧಾನವಾಗಿ ಕೂತಳು. ಆಮೇಲೆ ಎಷ್ಟು ಕೇಳಿದರೂ ಅವಳು ಬಾಯಿ ಬಿಡಲಿಲ್ಲ.